ಮನೆತನದ ಕಾಯಿಲೆಯ ಜಾಡು: ವಂಶದ ನಕ್ಷೆ ಬರೆಯುವ ಬಗೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿರುವ ಹಂದಿಗೋಡು ಎಂಬ ಹಳ್ಳಿಯ ಹೆಸರು 1970ರ ದಶಕದ ಮಧ್ಯದಲ್ಲಿ ದೇಶದ ವೈದ್ಯರ ಕಿವಿಗೆ ಬಿತ್ತು. ಸೊಂಟ, ಮಂಡಿಗಳಲ್ಲಿ ನೋವು ಶುರುವಾಗಿ ವರ್ಷಗಳು ಕಳೆದಂತೆ ನಡಿಗೆಯೇ ಕುಸಿಯುವ ಕಾಯಿಲೆ ಅದು. ಕಾಣಿಸಿಕೊಂಡದ್ದು ಮುಖ್ಯವಾಗಿ ಎರಡು ದಲಿತ ಸಮುದಾಯಗಳ ಬಡ ಕುಟುಂಬಗಳಲ್ಲಿ. ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿನ ಏಡಿ ಮೀನುಗಳನ್ನು ತಿಂದವರ ಮೈ ಸೇರಿರಬೇಕು ಎಂಬ ಅನುಮಾನ ಮೊದಲು ಬಲವಾಗಿತ್ತು. ಸಂಶೋಧಕರು ಕುಟುಂಬಗಳ ಒಳಹೊಕ್ಕು ಯಾರು ಯಾರ ಮಗ, ಯಾರು ಯಾರ ಮೊಮ್ಮಗಳು, ಯಾರಿಗೆ ನೋವಿದೆ, ಯಾರಿಗೆ ಇಲ್ಲ ಎಂದು ಬರೆಯುತ್ತ ಹೋದಾಗ ಚಿತ್ರ ಬದಲಾಯಿತು. ಕಾಯಿಲೆ ತಲೆಮಾರು ಬಿಡದೆ, ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುತ್ತಿತ್ತು. ಅದು ವಂಶವಾಹಿ ಕಾಯಿಲೆ ಎಂಬ ತೀರ್ಮಾನಕ್ಕೆ ಬಂದದ್ದು ಹೀಗೆ.

ಆ ಕೆಲಸದ ಮೊದಲ ಭಾಗಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್ ಮತ್ತು ಮನೆಯ ಹಿರಿಯ ಹೆಂಗಸರ ಜೊತೆ ಕೂರುವ ತಾಳ್ಮೆ ಸಾಕು. ತಳಿವಿಜ್ಞಾನ ಗೊತ್ತಿರುವ ವೈದ್ಯರ ಬಳಿ ಹೋದರೂ ಅವರು ಮೊದಲು ಬರೆಯುವುದು ಇದನ್ನೇ. ಕ್ಲಿನಿಕ್ಕಿನ ಗಡಿಬಿಡಿಯಲ್ಲಿ ಅರ್ಧ ನೆನಪಾಗಿ ಅರ್ಧ ಬಿಟ್ಟುಹೋಗುವ ಬದಲು ಮನೆಯಲ್ಲೇ ಬರೆದು ಒಯ್ದರೆ ನಿಮ್ಮ ಹಣ, ಅವರ ಸಮಯ ಎರಡೂ ಉಳಿಯುತ್ತವೆ.

ಯಾರಿಂದ ಶುರು ಮಾಡಬೇಕು

ಹಿರಿಯಜ್ಜನಿಂದಲ್ಲ. ಕಾಯಿಲೆ ಇರುವ ವ್ಯಕ್ತಿಯಿಂದ. ಹಾಳೆಯ ನಡುವೆ, ಸ್ವಲ್ಪ ಕೆಳಗೆ, ಆ ವ್ಯಕ್ತಿಯನ್ನು ಗುರುತಿಸಿ ಪಕ್ಕದಲ್ಲಿ ಒಂದು ಬಾಣ ಹಾಕಿ. ಗಂಡಸಾದರೆ ಚೌಕ, ಹೆಂಗಸಾದರೆ ವೃತ್ತ, ಗಂಡೋ ಹೆಣ್ಣೋ ತಿಳಿಯದಿದ್ದರೆ ಓರೆ ಚೌಕ. ಕಾಯಿಲೆ ಇದ್ದವರ ಆಕೃತಿಯೊಳಗೆ ಪೂರ್ತಿ ಕಪ್ಪು ತುಂಬಿ. ತೀರಿಕೊಂಡವರ ಮೇಲೆ ಓರೆಗೆರೆ. ಗರ್ಭಪಾತವಾದ ಕೂಸಿಗೆ ಸಣ್ಣ ತ್ರಿಕೋನ. ಗಂಡ ಹೆಂಡತಿಯ ನಡುವೆ ಅಡ್ಡಗೆರೆ, ಅದರಿಂದ ಕೆಳಗಿಳಿದ ಗೆರೆಯಲ್ಲಿ ಮಕ್ಕಳು, ಹಿರಿಯರು ಎಡಕ್ಕೆ, ಕಿರಿಯರು ಬಲಕ್ಕೆ. ರಕ್ತಸಂಬಂಧದಲ್ಲೇ ಮದುವೆಯಾಗಿದ್ದರೆ ಅಡ್ಡಗೆರೆ ಜೋಡಿಗೆರೆಯಾಗುತ್ತದೆ. ದತ್ತು ಮಕ್ಕಳಿದ್ದರೆ ಬೇರೆ ಗುರುತು ಹಾಕಿ ಪಕ್ಕದಲ್ಲಿ ಬರೆದುಬಿಡಿ. ಇಷ್ಟೇ ಲಿಪಿ. ಜಗತ್ತಿನ ಬಹುತೇಕ ಎಲ್ಲ ಆಸ್ಪತ್ರೆಗಳಲ್ಲೂ ಇದನ್ನೇ ಬಳಸುವುದರಿಂದ ಹುಬ್ಬಳ್ಳಿಯಲ್ಲಿ ಬರೆದ ನಕ್ಷೆಯನ್ನು ಲಂಡನ್ನಿನ ವೈದ್ಯರೂ ಓದಬಲ್ಲರು.

ಮೂರು ತಲೆಮಾರು ಕಡ್ಡಾಯ, ನಾಲ್ಕಾದರೆ ಒಳ್ಳೆಯದು. ಆರೋಗ್ಯವಾಗಿರುವವರನ್ನು ಬಿಡಬೇಡಿ. ಐವರು ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಕಾಯಿಲೆ ಎಂಬುದಕ್ಕೂ ಒಬ್ಬನೇ ಮಗನಿಗೆ ಕಾಯಿಲೆ ಎಂಬುದಕ್ಕೂ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ.

ಹೆಣ್ಣುಮಕ್ಕಳ ಕಡೆ ಹೋಗಿ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಮ್ಮ ಮನೆತನಗಳ ನೆನಪು ಬಹುಪಾಲು ತಂದೆಯ ಸಾಲಿನದು. ಗೋತ್ರ, ಬೆಡಗು, ಮನೆಯ ಅಡ್ಡಹೆಸರು ಎಲ್ಲವೂ ಅಪ್ಪನಿಂದ ಮಗನಿಗೆ. ಉತ್ತರ ಕರ್ನಾಟಕದ ಹೆಳವರು ಎತ್ತಿನ ಮೇಲೆ ಬಂದು ಹೊತ್ತಿಗೆ ಬಿಚ್ಚಿ ತಲೆತಲಾಂತರದ ಹೆಸರು ಓದುತ್ತಾರೆ. ಬೆರಗಾಗುವಂಥ ದಾಖಲೆ ಅದು. ಆದರೆ ಅಲ್ಲೂ ಸಾಮಾನ್ಯವಾಗಿ ಓಡುವುದು ಗಂಡುಮಕ್ಕಳ ಸಾಲು. ಕೊಟ್ಟ ಹೆಣ್ಣು ಆ ಮನೆಯ ಪುಸ್ತಕದಿಂದ ಹೊರಗೆ ಹೋದಳು ಎಂದೇ ಲೆಕ್ಕ.

ಜೀನ್‌ಗಳಿಗೆ ಈ ಲೆಕ್ಕ ಗೊತ್ತಿಲ್ಲ. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತವೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ, ಡುಶೆನ್ ಸ್ನಾಯುಕ್ಷಯದಂಥ ಕಾಯಿಲೆಗಳಂತೂ ಹೆಚ್ಚಾಗಿ ಹೆಣ್ಣುಮಕ್ಕಳ ಮೂಲಕವೇ ಸದ್ದಿಲ್ಲದೆ ಸಾಗಿ, ಕೊಟ್ಟ ಮನೆಯಲ್ಲಿ, ಬೇರೆ ಅಡ್ಡಹೆಸರಿನ ಹುಡುಗನಲ್ಲಿ ಕಾಣಿಸಿಕೊಳ್ಳುತ್ತವೆ. "ನಮ್ಮ ಮನೆತನದಲ್ಲಿ ಇದು ಯಾರಿಗೂ ಇರಲಿಲ್ಲ" ಎಂದು ಯಜಮಾನರು ಹೇಳುವ ಮಾತು ಎಷ್ಟೋ ಸಲ ನಿಜವೇ ಆಗಿರುತ್ತದೆ. ಅವರು ನೋಡಿದ್ದು ಅರ್ಧ ಮನೆತನವನ್ನು, ಅಷ್ಟೆ. ತುಳುನಾಡಿನವರಿಗೆ ಮಾತ್ರ ಇದು ಸ್ವಲ್ಪ ತಿರುವುಮುರುವು. ಅಲ್ಲಿ 'ಬಳಿ' ಎಂಬ ಕುಲದ ಹೆಸರು ತಾಯಿಯ ಕಡೆಯಿಂದ ಬರುವುದರಿಂದ ಅಜ್ಜಿಯ ಕಡೆಯವರು ಯಾರೆಂದು ಹೇಳುವುದು ಸುಲಭ. ಅಪ್ಪನ ಕಡೆಯನ್ನು ಕೆದಕಿ ಕೇಳಬೇಕಾಗುತ್ತದೆ.

ಹಾಗಾಗಿ ಬೇರೆ ಊರಿಗೆ ಮದುವೆಯಾಗಿ ಹೋದ ಸೋದರತ್ತೆಯರ ಮಕ್ಕಳು, ಅಮ್ಮನ ಅಕ್ಕತಂಗಿಯರ ಮಕ್ಕಳು, ಅಜ್ಜಿಯ ತವರಿನ ಸೋದರರು, ಇವರನ್ನೆಲ್ಲ ಹಾಳೆಯ ಮೇಲೆ ತನ್ನಿ. ಕೇಳಬೇಕಾದದ್ದು ಅಜ್ಜಿಯರನ್ನು. ಯಾರ ಬಾಣಂತನದಲ್ಲಿ ಏನಾಯಿತು, ಯಾವ ಕೂಸು ಎಷ್ಟು ದಿನ ಬದುಕಿತು ಎಂಬುದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಮದುವೆಮನೆಯಲ್ಲಿ ಕೇಳಬೇಡಿ, ಎಲ್ಲರ ಎದುರು ಕೇಳಬೇಡಿ. ಒಬ್ಬರೇ ಇದ್ದಾಗ ಕೇಳಿ. "ನಿಮ್ಮ ಮನೆಯಲ್ಲಿ ಅಂಥ ಕಾಯಿಲೆ ಇತ್ತಾ?" ಎಂದರೆ ಬಾಗಿಲು ಮುಚ್ಚಿದಂತೆಯೇ. "ನಿಮ್ಮ ಅಮ್ಮನಿಗೆ ಎಷ್ಟು ಹೆರಿಗೆ ಆಗಿತ್ತು, ಎಷ್ಟು ಉಳಿದವು?" ಎಂದು ಶುರುಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ಇನ್ನೊಂದು ಎಚ್ಚರ. ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣ, ಒಡಹುಟ್ಟಿದವನೂ ಅಣ್ಣ. ಸೋದರಮಾವನೂ ಮಾವ, ಹೆಂಡತಿಯ ತಂದೆಯೂ ಮಾವ, ಕೆಲವು ಮನೆಗಳಲ್ಲಿ ಇಬ್ಬರೂ ಒಬ್ಬರೇ. ಪ್ರತಿಯೊಂದು ಹೆಸರಿಗೂ "ಒಂದೇ ತಾಯಿ ಹೊಟ್ಟೆಯವರೇ?" ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಒಂದೇ ಒಂದು ಗೆರೆ ತಪ್ಪಿದರೂ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಕಾಯಿಲೆಯ ಹೆಸರಲ್ಲ, ಕಂಡದ್ದನ್ನು ಕೇಳಿ

ಹಳೆಯ ಕಾಲದಲ್ಲಿ ರೋಗದ ಹೆಸರು ಯಾರಿಗೆ ಗೊತ್ತಿತ್ತು? ಬಾಲಗ್ರಹ, ದೃಷ್ಟಿ, ಗಾಳಿ, ಕಾಮಾಲೆ, ಲಕ್ವ ಎಂದು ಹೇಳುತ್ತಾರೆ. ಅದನ್ನು ಹಾಗೆಯೇ ಬರೆದುಕೊಂಡು, ಕಣ್ಣಿಗೆ ಏನು ಕಂಡಿತು ಎಂದು ಕೇಳಿ. ಯಾವ ವಯಸ್ಸಿನಲ್ಲಿ ಶುರುವಾಯಿತು, ಯಾವ ವಯಸ್ಸಿನಲ್ಲಿ ತೀರಿಕೊಂಡರು ಎಂಬ ಎರಡು ಸಂಖ್ಯೆಗಳು ಬಹಳ ಮುಖ್ಯ. ಇಸವಿ ನೆನಪಿಲ್ಲದಿದ್ದರೆ "ಇಂದಿರಾ ಗಾಂಧಿ ತೀರಿಕೊಂಡಾಗ ಅವನಿಗೆ ಎಷ್ಟು ವಯಸ್ಸು?" ಎಂಬಂಥ ಪ್ರಶ್ನೆ ಕೆಲಸಕ್ಕೆ ಬರುತ್ತದೆ.

ಕೆಲವು ಉತ್ತರಗಳು ಕೇಳಿದ ಕೂಡಲೇ ಕಿವಿ ನಿಮಿರಬೇಕು. ಹಲ್ಲು ಕೀಳಿಸಿದಾಗಲೋ ಸುನ್ನತಿಯಲ್ಲೋ ರಕ್ತ ನಿಲ್ಲದೆ ಒದ್ದಾಡಿದ ಹುಡುಗ, ಮಂಡಿ ಪದೇಪದೇ ಊದುತ್ತಿದ್ದವ: ಹಿಮೋಫಿಲಿಯಾ ಇರಬಹುದು. ಐದಾರು ವರ್ಷಕ್ಕೆ ಪದೇಪದೇ ಬೀಳುತ್ತಿದ್ದ, ಮೀನಖಂಡ ದಪ್ಪಗಿದ್ದ, ನೆಲಕ್ಕೆ ಕೈಯೂರಿ ತೊಡೆಯ ಮೇಲೆ ಕೈಯಿಟ್ಟು ಏಳುತ್ತಿದ್ದ ಹುಡುಗ: ಡುಶೆನ್. ಆರು ತಿಂಗಳಿಂದ ಎರಡು ವರ್ಷದೊಳಗೆ ಬಿಳಿಚಿಕೊಂಡು, ಹೊಟ್ಟೆ ದಪ್ಪವಾಗಿ, ರಕ್ತ ಕೊಡಿಸುತ್ತಲೇ ಇರಬೇಕಾದ ಮಗು: ಥಲಸ್ಸೇಮಿಯಾ. ಮೈಕೈ ಮೂಳೆನೋವು ಅಲೆಅಲೆಯಾಗಿ ಬರುತ್ತಿದ್ದರೆ, ಅದರಲ್ಲೂ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಆದಿವಾಸಿ ಕುಟುಂಬಗಳಲ್ಲಿ, ಕುಡಗೋಲು ಕಣ (ಸಿಕಲ್ ಸೆಲ್) ಕಾಯಿಲೆಯನ್ನು ಪರೀಕ್ಷಿಸಲೇಬೇಕು. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ಪಕ್ಕದ ನೀಲಗಿರಿ ಬೆಟ್ಟದ ಜನರಲ್ಲೇ.

ಹದಿಹರೆಯದಲ್ಲಿ ಕಾಮಾಲೆಯಾಗಿ ಒಬ್ಬ ತೀರಿಕೊಂಡಿದ್ದಾನೆ, ಅವನ ತಂಗಿಗೆ ಈಗ ಕೈ ನಡುಗುತ್ತದೆ, ಮಾತು ತೊದಲುತ್ತದೆ, ಓದಿನಲ್ಲಿ ಹಿಂದೆ ಬಿದ್ದಿದ್ದಾಳೆ. ಇಂಥ ಜೋಡಿ ಕಂಡರೆ ತಡಮಾಡಬೇಡಿ. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಹೀಗೇ ವೇಷ ಬದಲಿಸುತ್ತದೆ. ಮಾತ್ರೆಗಳಿಂದ ಹತೋಟಿಗೆ ಬರುವ ಅಪರೂಪದ ವಂಶವಾಹಿ ಕಾಯಿಲೆಗಳಲ್ಲಿ ಇದೊಂದು. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಕಾಲುಭಾಗ ಸಾಧ್ಯತೆ ಇರುವುದರಿಂದ ಲಕ್ಷಣ ಇಲ್ಲದವರನ್ನೂ ಪರೀಕ್ಷಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ಗೆ ಈ ರೋಗಿಗಳನ್ನು ನೋಡಿ ದಶಕಗಳ ಅನುಭವವಿದೆ.

ಮೂವತ್ತು ನಲವತ್ತರಲ್ಲಿ "ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಹೋದ" ಎನ್ನುವ ಸಾವುಗಳನ್ನೂ ಬರೆದುಕೊಳ್ಳಿ. ಎಲ್ಲವೂ ಬೀಡಿ ಸಿಗರೇಟಿನಿಂದ ಬಂದದ್ದಲ್ಲ. ಹೃದಯದ ಸ್ನಾಯುವಿಗೆ ಸಂಬಂಧಪಟ್ಟ ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರಗಳ ತುಣುಕೊಂದು ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ 4 ಮಂದಿಯಲ್ಲಿದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಅಪಾಯ ಹೆಚ್ಚು, ಅಷ್ಟೆ.

ಸ್ತನ, ಅಂಡಾಶಯದ ಕ್ಯಾನ್ಸರ್ ವಿಚಾರ ಬಂದಾಗ ಅಪ್ಪನ ಕಡೆಯ ಹೆಂಗಸರನ್ನು ಕೇಳುವುದನ್ನು ಮರೆಯುತ್ತೇವೆ. ಈ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನಿನ ದೋಷ ಆರೋಗ್ಯವಾಗಿರುವ ಗಂಡಸಿನ ಮೂಲಕವೂ ಮಗಳಿಗೆ ಬರುತ್ತದೆ. ಸೋದರತ್ತೆಗೆ 38ಕ್ಕೆ ಸ್ತನ ಕ್ಯಾನ್ಸರ್ ಆಗಿತ್ತು ಎಂಬುದು ನಿಮ್ಮ ವಿಷಯವೇ.

ಜೋಡಿಗೆರೆಗಳನ್ನು ಎಳೆಯುವಾಗ

ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲುಭಾಗಕ್ಕೂ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲಿ ಆದವು. ಆದ್ದರಿಂದ ನಮ್ಮ ನಕ್ಷೆಗಳಲ್ಲಿ ಜೋಡಿಗೆರೆ ಸಾಮಾನ್ಯ. ಒಂದೇ ಕುಟುಂಬದಲ್ಲಿ ಎರಡು ಮೂರು ಕಡೆ ಬಂದು ನಕ್ಷೆ ಬಲೆಯಂತಾಗುವುದೂ ಉಂಟು.

ಲೆಕ್ಕ ಹೀಗಿದೆ. ಅಕ್ಕನ ಮಗಳನ್ನು ಮದುವೆಯಾದವರು ತಮ್ಮ ಜೀನ್‌ಗಳಲ್ಲಿ ಸರಾಸರಿ ನಾಲ್ಕನೇ ಒಂದು ಭಾಗ ಹಂಚಿಕೊಂಡಿರುತ್ತಾರೆ. ಸೋದರತ್ತೆ ಅಥವಾ ಸೋದರಮಾವನ ಮಗಳಾದರೆ ಎಂಟನೇ ಒಂದು. ಎರಡನೇ ತಲೆಮಾರಿನ ಸೋದರಸಂಬಂಧವಾದರೆ ಮೂವತ್ತೆರಡನೇ ಒಂದು. ಯಾವ ದಂಪತಿಗಾದರೂ ಹುಟ್ಟುವ ಮಗುವಿಗೆ ಗಂಭೀರ ಹುಟ್ಟುದೋಷ ಇರುವ ಸಾಧ್ಯತೆ ಸುಮಾರು ಶೇ 2ರಿಂದ 3. ಅತ್ತೆಮಾವನ ಮಕ್ಕಳು ಮದುವೆಯಾದರೆ ಇದರ ಮೇಲೆ ಇನ್ನೂ ಅಷ್ಟೇ ಸೇರುತ್ತದೆ. ಅಂದರೆ ಸಂಬಂಧದಲ್ಲಿ ಆದವರ ಮಕ್ಕಳಲ್ಲೂ ಬಹುಪಾಲು ಆರೋಗ್ಯವಾಗಿಯೇ ಇರುತ್ತಾರೆ. ಎಲ್ಲ ದೋಷವನ್ನೂ ಸಂಬಂಧದ ತಲೆಗೆ ಕಟ್ಟುವುದು ಸರಿಯಲ್ಲ. ಮನೆಯಲ್ಲಿ ಈಗಾಗಲೇ ಒಂದು ಕಾಯಿಲೆ ಗೊತ್ತಿದ್ದರೆ ಮಾತ್ರ ಮಾತು ಬೇರೆ, ಅದನ್ನು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಗೋತ್ರ ಬೇರೆ ಇದೆಯಲ್ಲ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಕ್ಕ ಮದುವೆಯಾಗಿ ಹೋದ ಮೇಲೆ ಅವಳ ಮಗಳದು ಬೇರೆ ಗೋತ್ರವೇ. ನಮ್ಮಲ್ಲಿ ನಡೆಯುವ ತೀರಾ ಹತ್ತಿರದ ಮದುವೆಗಳಲ್ಲಿ ಇದೊಂದು, ಆದರೂ ಗೋತ್ರದ ನಿಯಮ ಅದನ್ನು ತಡೆಯುವುದಿಲ್ಲ. ಹಾಗೆಯೇ "ನಾವು ಸಂಬಂಧದಲ್ಲಿ ಆದವರಲ್ಲ" ಎಂಬುದೂ ಪೂರ್ತಿ ಭರವಸೆಯಲ್ಲ. ಶತಮಾನಗಳಿಂದ ಒಂದೇ ಒಳಪಂಗಡದಲ್ಲಿ ಕೊಟ್ಟು ತಂದು ಮಾಡಿದ್ದರೆ ಬಹಳ ಹಿಂದಿನ ಯಾರೋ ಒಬ್ಬರ ಜೀನ್ ದೋಷ ಅನೇಕ ಮನೆಗಳಲ್ಲಿ ಹರಡಿರುತ್ತದೆ. ಆರ್ಯ ವೈಶ್ಯರಲ್ಲಿ ಇದಕ್ಕೆ ಚೆನ್ನಾಗಿ ಅಧ್ಯಯನವಾದ ಉದಾಹರಣೆ ಇದೆ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧವನ್ನು ಕರಗಿಸುವ ಕಿಣ್ವ ಆ ಸಮುದಾಯದ ಕೆಲವರಲ್ಲಿ ಇರುವುದಿಲ್ಲ. ಕೆಲವೇ ನಿಮಿಷದಲ್ಲಿ ಇಳಿಯಬೇಕಾದ ಔಷಧದ ಪರಿಣಾಮ ಗಂಟೆಗಟ್ಟಲೆ ಉಳಿದು ಉಸಿರಾಟಕ್ಕೆ ಯಂತ್ರ ಬೇಕಾಗುತ್ತದೆ. "ಆಪರೇಷನ್ ಆದ ಮೇಲೆ ನಮ್ಮ ಅತ್ತೆಗೆ ಬಹಳ ಹೊತ್ತು ಎಚ್ಚರ ಆಗಲಿಲ್ಲ, ಉಸಿರಾಡಲಿಲ್ಲ" ಎಂದು ಯಾರಾದರೂ ಹೇಳಿದರೆ ನಕ್ಷೆಯಲ್ಲಿ ಬರೆದು ಮುಂದಿನ ಪ್ರತಿ ಶಸ್ತ್ರಚಿಕಿತ್ಸೆಗೂ ಮುಂಚೆ ಅರಿವಳಿಕೆ ವೈದ್ಯರಿಗೆ ಹೇಳಿ. ಮೊದಲೇ ಗೊತ್ತಿದ್ದರೆ ಅವರು ಬೇರೆ ಔಷಧ ಬಳಸುತ್ತಾರೆ, ಕಥೆ ಅಲ್ಲಿಗೆ ಮುಗಿಯಿತು.

ನಕ್ಷೆಯನ್ನು ಓದುವುದು

ಈಗ ಹಾಳೆಯನ್ನು ದೂರ ಹಿಡಿದು ಕಪ್ಪು ತುಂಬಿದ ಆಕೃತಿಗಳನ್ನಷ್ಟೇ ನೋಡಿ.

ಪ್ರತಿ ತಲೆಮಾರಿನಲ್ಲೂ ಕಪ್ಪು ಇದೆಯೇ, ಗಂಡು ಹೆಣ್ಣು ಇಬ್ಬರಲ್ಲೂ ಇದೆಯೇ, ತಂದೆಯಿಂದ ಮಗನಿಗೆ ಒಮ್ಮೆಯಾದರೂ ಇಳಿದಿದೆಯೇ? ಹಾಗಿದ್ದರೆ ಅಪ್ಪ ಅಮ್ಮನಿಂದ ಒಂದೊಂದಾಗಿ ಬರುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಕಾಣಿಸಿಕೊಳ್ಳುವ ಪ್ರಬಲ ಬಗೆ. ಹಂದಿಗೋಡಿನದು ಇದೇ. ಕಾಯಿಲೆ ಇರುವವರ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮಿದುಳಿನ ಕಾಯಿಲೆ ಹಂಟಿಂಗ್ಟನ್‌ನಂಥವು ನಲವತ್ತರ ಆಸುಪಾಸಿನಲ್ಲಿ ಶುರುವಾಗುವುದರಿಂದ ಮಕ್ಕಳು ಹುಟ್ಟಿದ ಮೇಲೆಯೇ ಗೊತ್ತಾಗುತ್ತದೆ. ಕೆಲವು ಕುಟುಂಬಗಳಲ್ಲಿ ಮುಂದಿನ ತಲೆಮಾರಿನಲ್ಲಿ ಇನ್ನೂ ಚಿಕ್ಕ ವಯಸ್ಸಿಗೇ ಬರುತ್ತದೆ. ಶುರುವಾದ ವಯಸ್ಸನ್ನು ಬರೆದುಕೊಳ್ಳಿ ಎಂದದ್ದು ಇದಕ್ಕೇ.

ಕಪ್ಪು ಒಂದೇ ಸಾಲಿನಲ್ಲಿ, ಒಡಹುಟ್ಟಿದವರಲ್ಲಿ ಮಾತ್ರ ಇದ್ದು, ಮೇಲಿನವರೆಲ್ಲ ಆರೋಗ್ಯವಾಗಿದ್ದು, ಮೇಲೊಂದು ಜೋಡಿಗೆರೆ ಇದೆಯೇ? ಎರಡೂ ಪ್ರತಿ ಕೆಟ್ಟಾಗ ಮಾತ್ರ ಕಾಣಿಸುವ ಸುಪ್ತ ಬಗೆ ಇರಬಹುದು. ಥಲಸ್ಸೇಮಿಯಾ, ಕುಡಗೋಲು ಕಣ, ವಿಲ್ಸನ್, ಹುಟ್ಟುಕಿವುಡಿನ ಬಹುಪಾಲು ಈ ಗುಂಪಿನವು. ತಂದೆತಾಯಿ ಇಬ್ಬರೂ ವಾಹಕರು, ಅಂದರೆ ಒಂದು ಪ್ರತಿ ಕೆಟ್ಟಿದ್ದರೂ ತಾವು ಆರೋಗ್ಯವಾಗಿರುವವರು. ಪ್ರತಿ ಬಸಿರಿಗೂ ಕಾಲುಭಾಗ ಕಾಯಿಲೆ, ಅರ್ಧ ವಾಹಕ, ಕಾಲುಭಾಗ ಪೂರ್ತಿ ಮುಕ್ತ. ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ದಾಳ ಹೊಸದಾಗಿ ಉರುಳುತ್ತದೆ. ಇಬ್ಬರು ಹುಟ್ಟುಕಿವುಡರು ಮದುವೆಯಾಗಿ ಮಕ್ಕಳೆಲ್ಲರಿಗೂ ಚೆನ್ನಾಗಿ ಕೇಳಿಸುವುದೂ ಉಂಟು. ಗಂಡನ ಕಿವುಡಿಗೆ ಒಂದು ಜೀನ್, ಹೆಂಡತಿಯದಕ್ಕೆ ಬೇರೆ ಜೀನ್ ಕಾರಣವಾಗಿದ್ದರೆ ಹಾಗಾಗುತ್ತದೆ.

ಚೌಕಗಳಲ್ಲಿ ಮಾತ್ರ ಕಪ್ಪು, ಅವುಗಳ ನಡುವೆ ಖಾಲಿ ವೃತ್ತಗಳು, ತಂದೆಯಿಂದ ಮಗನಿಗೆ ಒಮ್ಮೆಯೂ ಇಳಿದಿಲ್ಲ? ಜೀನ್‌ಗಳನ್ನು ಹೊತ್ತ ಎಳೆಗಳಾದ ಕ್ರೋಮೊಸೋಮ್‌ಗಳಲ್ಲಿ ಹೆಂಗಸರಿಗೆ ಎರಡು, ಗಂಡಸರಿಗೆ ತಾಯಿಯಿಂದ ಬಂದ ಒಂದೇ ಇರುವ ಎಕ್ಸ್ ಕ್ರೋಮೊಸೋಮಿನ ಬಗೆ. ಹುಡುಗ, ಅವನ ಸೋದರಮಾವ, ಅಜ್ಜಿಯ ಸೋದರ ಹೀಗೆ ಮೆಟ್ಟಿಲಿನಂತೆ ಓರೆಯಾಗಿ ಹೋಗುತ್ತದೆ. ಇತಿಹಾಸದಲ್ಲಿ ಹೆಸರಾದ ನಕ್ಷೆ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳದು. ಮಗ ಲಿಯೊಪೋಲ್ಡ್‌ಗೆ ಹಿಮೋಫಿಲಿಯಾ. ಮಗಳು ಆಲಿಸ್, ಆಕೆಯ ಮಗಳು ಅಲೆಕ್ಸಾಂಡ್ರಾ ಮೂಲಕ ಅದು ರಷ್ಯಾದ ಯುವರಾಜ ಅಲೆಕ್ಸಿಯನ್ನು ತಲುಪಿತು. ರಷ್ಯಾದಲ್ಲಿ ದೊರೆತ ಆ ರಾಜಮನೆತನದವರ ಮೂಳೆಗಳ ಡಿಎನ್‌ಎ ಪರೀಕ್ಷೆಯಿಂದ ಅದು ಹಿಮೋಫಿಲಿಯಾ ಬಿ ಎಂದು ತಿಳಿದದ್ದು 2009ರಲ್ಲಿ. ಹಿಮೋಫಿಲಿಯಾ ಇರುವ ತಂದೆಯ ಹೆಣ್ಣುಮಕ್ಕಳೆಲ್ಲರೂ ವಾಹಕರು, ಗಂಡುಮಕ್ಕಳಿಗೆ ಅವನಿಂದ ಬರುವುದೇ ಇಲ್ಲ. ಇದನ್ನು ಮನೆಯಲ್ಲಿ ಎರಡು ಸಲ ಹೇಳಬೇಕಾಗುತ್ತದೆ, ಏಕೆಂದರೆ ಎಲ್ಲರೂ ಮಗನ ಬಗ್ಗೆಯೇ ಚಿಂತಿಸುತ್ತಿರುತ್ತಾರೆ.

ತಾಯಿಯಿಂದ ಮಾತ್ರ, ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಸಾಗಿ, ಗಂಡಸರಿಂದ ಮುಂದಕ್ಕೆ ಒಂದೂ ಹೋಗದಿದ್ದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ, ತಾಯಿಯಿಂದಷ್ಟೇ ಬರುವ ಮೈಟೊಕಾಂಡ್ರಿಯಾದ ದೋಷ. ತುಳುವರಲ್ಲಿ 'ಬಳಿ' ಎಂಬ ಕುಲದ ಹೆಸರು ಸಾಗುವ ದಾರಿಯಲ್ಲೇ ಇದೂ ಸಾಗುತ್ತದೆ.

ನಕ್ಷೆಯಲ್ಲಿ ಒಂದೇ ಒಂದು ಕಪ್ಪು ಇದ್ದರೆ? ಕಷ್ಟ. ಸುಪ್ತ ಬಗೆ ಇರಬಹುದು, ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ ದೋಷ ಇರಬಹುದು, ವಂಶಕ್ಕೆ ಸಂಬಂಧವೇ ಇಲ್ಲದ್ದಿರಬಹುದು. ಡುಶೆನ್ ಮತ್ತು ಹಿಮೋಫಿಲಿಯಾದಲ್ಲಿ ಸುಮಾರು ಮೂರನೇ ಒಂದು ಭಾಗ ಕುಟುಂಬಗಳಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಶೇ 95ರಷ್ಟು ಮಂದಿಯದು ಒಂದು ಕ್ರೋಮೊಸೋಮ್ ಹೆಚ್ಚಾಗಿ ಬಂದದ್ದು, ತಂದೆತಾಯಿಯಿಂದ ಇಳಿದದ್ದಲ್ಲ. ಉಳಿದವರಲ್ಲಿ ಕೆಲವರಿಗೆ ಕ್ರೋಮೊಸೋಮಿನ ತುಂಡು ಸ್ಥಳಾಂತರವಾಗಿದ್ದು ಅದು ಮನೆಯಲ್ಲಿ ಮುಂದುವರಿಯಬಹುದು. ಮಗುವಿನ ಕ್ರೋಮೊಸೋಮ್ ಪರೀಕ್ಷೆಯ ವರದಿ ಎತ್ತಿಟ್ಟುಕೊಳ್ಳಿ ಎನ್ನುವುದು ಇದಕ್ಕಾಗಿ.

ಎರಡು ಲೆಕ್ಕ

ಒಂದು ಕಲ್ಪಿತ ಮನೆ ತೆಗೆದುಕೊಳ್ಳೋಣ. ಹುಡುಗನಿಗೆ ಥಲಸ್ಸೇಮಿಯಾ. ಅವನ ಆರೋಗ್ಯವಂತ ಅಕ್ಕನನ್ನು ಸೋದರಮಾವನಿಗೆ ಕೊಡುವ ಮಾತು ನಡೆದಿದೆ. ಹುಡುಗನಿಗೆ ಕಾಯಿಲೆ ಇರುವುದರಿಂದ ತಾಯಿ ವಾಹಕಿ ಎಂಬುದು ಖಚಿತ, ಆಕೆಯ ತಮ್ಮ ವಾಹಕನಾಗಿರುವ ಸಾಧ್ಯತೆ ಅರ್ಧ. ಹುಡುಗಿಗೆ ಕಾಯಿಲೆ ಇಲ್ಲ ಎಂದು ಗೊತ್ತಿರುವುದರಿಂದ ಉಳಿದ ಮೂರು ಸಾಧ್ಯತೆಗಳಲ್ಲಿ ಎರಡು ವಾಹಕಳಾಗುವುದು, ಅಂದರೆ ಮೂರನೇ ಎರಡು. ಇಬ್ಬರೂ ವಾಹಕರಾದರೆ ಮಗುವಿಗೆ ಕಾಲುಭಾಗ. ಮೂರನ್ನೂ ಗುಣಿಸಿದರೆ ಹನ್ನೆರಡರಲ್ಲಿ ಒಂದು. ಅದೇ ಹುಡುಗಿ ಹೊರಗಿನ ಹುಡುಗನನ್ನು ಮದುವೆಯಾದರೆ, ಭಾರತದಲ್ಲಿ ವಾಹಕರು ಸರಾಸರಿ ಶೇ 3ರಿಂದ 4 ಎಂಬ ಲೆಕ್ಕದಲ್ಲಿ ಶೇ 4 ಹಿಡಿದರೂ, ನೂರೈವತ್ತರಲ್ಲಿ ಒಂದು.

ಆದರೆ ಥಲಸ್ಸೇಮಿಯಾ ವಿಷಯದಲ್ಲಿ ಇಷ್ಟೆಲ್ಲ ಗುಣಾಕಾರ ಬೇಕೇ ಇಲ್ಲ. ಇಬ್ಬರಿಗೂ ರಕ್ತಪರೀಕ್ಷೆ ಮಾಡಿಸಿದರೆ ಊಹೆ ಹೋಗಿ ಉತ್ತರ ಸಿಗುತ್ತದೆ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಕೆಂಪುಕಣದ ಗಾತ್ರ ಚಿಕ್ಕದಿದ್ದರೆ, ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಶೇ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕರು. ಕಬ್ಬಿಣದ ಕೊರತೆ ಜೋರಾಗಿದ್ದರೆ ಎ2 ಕಡಿಮೆ ತೋರಿಸಿ ದಾರಿ ತಪ್ಪಿಸಬಹುದು ಎಂಬುದನ್ನು ಮಾತ್ರ ನೆನಪಿಡಿ.

ಎರಡನೆಯದು ಡುಶೆನ್. ಒಬ್ಬಾಕೆಯ ತಮ್ಮನಿಗೂ ಸೋದರಮಾವನಿಗೂ ಇತ್ತು. ಆಕೆಯ ತಾಯಿ ಖಚಿತ ವಾಹಕಿ, ಆಕೆ ವಾಹಕಿಯಾಗಿರುವ ಸಾಧ್ಯತೆ ಅರ್ಧ. ಆಕೆಗೆ ಈಗಾಗಲೇ ಆರೋಗ್ಯವಂತ ಗಂಡುಮಕ್ಕಳು ಇಬ್ಬರಿದ್ದರೆ ಈ ಅರ್ಧ ಐದರಲ್ಲಿ ಒಂದಕ್ಕೆ ಇಳಿಯುತ್ತದೆ. ವಾಹಕಿಯಾಗಿದ್ದೂ ಇಬ್ಬರು ಗಂಡುಮಕ್ಕಳೂ ತಪ್ಪಿಸಿಕೊಳ್ಳುವುದು ನಾಲ್ಕರಲ್ಲಿ ಒಂದು ಸಲ ಮಾತ್ರ, ಅದಕ್ಕೇ. ಆರೋಗ್ಯವಂತರನ್ನೂ ನಕ್ಷೆಯಲ್ಲಿ ಬರೆಯಿರಿ ಎಂದದ್ದರ ಬೆಲೆ ಇಲ್ಲಿ ಕಾಣುತ್ತದೆ.

ಪರೀಕ್ಷೆಗೆ ಹೋಗುವ ಮುನ್ನ

ಮೊದಲು ಪರೀಕ್ಷೆ ಆಗಬೇಕಾದದ್ದು ಕಾಯಿಲೆ ಇರುವವರಿಗೆ, ಆರೋಗ್ಯವಂತ ಅಣ್ಣನಿಗಲ್ಲ. ರೋಗಿಯಲ್ಲಿ ಯಾವ ಜೀನಿನಲ್ಲಿ ಯಾವ ದೋಷ ಎಂದು ಗೊತ್ತಾದರೆ ಉಳಿದವರಲ್ಲಿ ಅದೊಂದನ್ನೇ ಕಡಿಮೆ ಖರ್ಚಿನಲ್ಲಿ ಹುಡುಕಬಹುದು. ರೋಗಿ ಉಳಿಯುವ ಭರವಸೆ ಇಲ್ಲದಿದ್ದರೆ ಸ್ವಲ್ಪ ರಕ್ತ ತೆಗೆದು ಡಿಎನ್‌ಎ ಶೇಖರಿಸಿಡುವಂತೆ ವೈದ್ಯರನ್ನು ಕೇಳಿ. ಆ ಹೊತ್ತಿನಲ್ಲಿ ಇದನ್ನು ಕೇಳುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೆ ಮಗು ಹೋದ ಮೇಲೆ ಮುಂದಿನ ಬಸಿರಿಗೆ ಉತ್ತರ ಹುಡುಕುವುದು ಇನ್ನೂ ಕಷ್ಟ.

ರಾಜ್ಯದಲ್ಲಿ ಹೋಗಬಹುದಾದ ಜಾಗಗಳಿವೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿವೆ. ಪಟ್ಟಿಯಲ್ಲಿರುವ ಕಾಯಿಲೆಗಳ ಚಿಕಿತ್ಸೆಗೆ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಇಂಥ ಕೇಂದ್ರಗಳ ಮೂಲಕವೇ ಸಿಗುವುದು. ನರ, ಸ್ನಾಯುವಿನ ಕಾಯಿಲೆಗಳಿಗೆ ನಿಮ್ಹಾನ್ಸ್, ಕಿವಿ ಮತ್ತು ಮಾತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಕ್ಯಾನ್ಸರ್‌ಗೆ ಕಿದ್ವಾಯಿ. ಕರಾವಳಿಯವರಿಗೆ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ತಳಿವೈದ್ಯಕೀಯ ವಿಭಾಗವಿದೆ. ಕುಡಗೋಲು ಕಣಕ್ಕೆ 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನದಡಿ ಆದಿವಾಸಿ ಪ್ರದೇಶಗಳಲ್ಲಿ 40 ವರ್ಷದವರೆಗಿನವರಿಗೆ ತಪಾಸಣೆ ನಡೆಯುತ್ತದೆ. ಥಲಸ್ಸೇಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ, ಸ್ನಾಯುಕ್ಷಯ ಇವೆಲ್ಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೇರಿವೆ. ಪ್ರಮಾಣಪತ್ರ ಮಾಡಿಸಿಕೊಳ್ಳಿ.

ವರದಿ ಬಂದಾಗ "ಅರ್ಥ ಖಚಿತವಿಲ್ಲದ ಬದಲಾವಣೆ" ಎಂದಿದ್ದರೆ ಅದರ ಮೇಲೆ ಮದುವೆ ಮುರಿಯುವುದಾಗಲಿ ಬಸಿರು ತೆಗೆಸುವುದಾಗಲಿ ಮಾಡಬೇಡಿ. ಆ ಮಾತಿನ ಅರ್ಥ ಇಷ್ಟೇ: ಅದು ಕೆಟ್ಟದ್ದೋ ನಿರುಪದ್ರವಿಯೋ ಇನ್ನೂ ಗೊತ್ತಾಗಿಲ್ಲ. ಡುಶೆನ್ ಮಗುವಿನ ತಾಯಿಯ ರಕ್ತದಲ್ಲಿ ದೋಷ ಕಾಣದಿದ್ದರೂ ಆಕೆಯ ಕೆಲವು ಅಂಡಾಣುಗಳಲ್ಲಿ ಇರಬಹುದು, ಹಾಗಾಗಿ ಮುಂದಿನ ಬಸಿರಿಗೂ ಪರೀಕ್ಷೆ ಬೇಡ ಎನ್ನಲಾಗದು. ಮುಂದೆ ವಯಸ್ಸಾದ ಮೇಲೆ ಬರುವ, ಈಗ ಏನೂ ಮಾಡಲಾಗದ ಕಾಯಿಲೆಗಳಿಗೆ ಚಿಕ್ಕ ಮಕ್ಕಳನ್ನು ಪರೀಕ್ಷಿಸುವುದಿಲ್ಲ. ತಿಳಿದುಕೊಳ್ಳಬೇಕೇ ಬೇಡವೇ ಎಂದು ಅವರು ದೊಡ್ಡವರಾದ ಮೇಲೆ ತೀರ್ಮಾನಿಸಲಿ.

ಸಂಬಂಧಿಕರಿಗೆ ಹೇಳುವುದು

ನಕ್ಷೆಯ ಫೋಟೊ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಒಬ್ಬೊಬ್ಬರಿಗೆ ಅವರಿಗೆ ಬೇಕಾದಷ್ಟನ್ನು ಮಾತ್ರ ಹೇಳಿ. ಮದುವೆ ವಯಸ್ಸಿನ ಹೆಣ್ಣುಮಕ್ಕಳ ಹೆಸರಿನ ಮುಂದೆ ವಾಹಕಿ ಎಂಬ ಗುರುತು ಇರುವ ಹಾಳೆ ಬೀದಿಗೆ ಬಂದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. "ಸೊಸೆಯ ತವರಿನಿಂದ ಬಂತು" ಎಂಬ ಮಾತು ಎದ್ದೇ ಏಳುತ್ತದೆ. ಸುಪ್ತ ಬಗೆಯಲ್ಲಾದರೆ ಇಬ್ಬರ ಪಾಲೂ ಸಮ ಎಂದು ನಕ್ಷೆ ತೋರಿಸಿಯೇ ಹೇಳಿ. ಎಕ್ಸ್ ಬಗೆಯಲ್ಲಿ ತಾಯಿಯಿಂದ ಬಂದದ್ದು ನಿಜವಾದರೂ ಅದು ಅವಳು ಆರಿಸಿಕೊಂಡದ್ದಲ್ಲ, ಅವಳಿಗೂ ಯಾರಿಂದಲೋ ಬಂದದ್ದು. ಪರೀಕ್ಷೆಗಳಲ್ಲಿ ತಂದೆತನದಂಥ ಬೇರೆ ಗುಟ್ಟುಗಳೂ ಹೊರಬರಬಹುದು. ಏನನ್ನು ಯಾರಿಗೆ ತಿಳಿಸಬೇಕು ಎಂದು ವೈದ್ಯರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಬಸಿರಿನ ಮುಂಚೆಯೇ

ಹೊಟ್ಟೆಯಲ್ಲಿರುವ ಮಗುವನ್ನು ಪರೀಕ್ಷಿಸುವ ದಾರಿ ಎರಡು. 11ರಿಂದ 13ನೇ ವಾರದಲ್ಲಿ ಮಾಸಿನ ತುಣುಕು ತೆಗೆಯುವುದು, 16ನೇ ವಾರದ ಹೊತ್ತಿಗೆ ಗರ್ಭಜಲ ತೆಗೆಯುವುದು. 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಹೆಣ್ಣೋ ಗಂಡೋ ಎಂದು ಹೇಳುವುದನ್ನು ತಡೆಯುತ್ತದೆಯೇ ಹೊರತು, ವಂಶವಾಹಿ ಕಾಯಿಲೆ ಪತ್ತೆಯನ್ನಲ್ಲ. ಆದರೆ ಪರೀಕ್ಷಿಸುವ ಕೇಂದ್ರ ನೋಂದಾಯಿತವಾಗಿರಬೇಕು. 2021ರ ತಿದ್ದುಪಡಿಯ ನಂತರ ನಿರ್ದಿಷ್ಟ ಸಂದರ್ಭಗಳಲ್ಲಿ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಭ್ರೂಣದ ಗಂಭೀರ ದೋಷವೆಂದು ವೈದ್ಯಕೀಯ ಮಂಡಳಿ ಹೇಳಿದರೆ ಅದರ ನಂತರವೂ ಸಾಧ್ಯ. ಮುಂದುವರಿಸುವುದೋ ಬೇಡವೋ ಎಂಬುದು ಆ ತಾಯಿಯ ತೀರ್ಮಾನ, ಅತ್ತೆಮನೆಯದಲ್ಲ. ಮನೆಯ ರೋಗಿಯಲ್ಲಿರುವ ಜೀನ್ ದೋಷ ಯಾವುದೆಂದು ಮೊದಲೇ ಗೊತ್ತಿದ್ದರೆ ಮಾತ್ರ ಈ ಪರೀಕ್ಷೆಗಳು ಬೇಗ ಉತ್ತರ ಕೊಡಬಲ್ಲವು. ಮೂರು ತಿಂಗಳು ತುಂಬಿದ ಮೇಲೆ ಹುಡುಕಲು ಶುರುಮಾಡಿದರೆ, ಜೀನ್ ವರದಿ ಬರುವುದಕ್ಕೇ ಎಷ್ಟೋ ವಾರ ಹಿಡಿಯುತ್ತದೆ. ಹಾಗಾಗಿ ಮನೆಯಲ್ಲಿ ಕಪ್ಪು ಚೌಕವೋ ವೃತ್ತವೋ ಇದ್ದರೆ, ಮದುವೆ ನಿಶ್ಚಯವಾದಾಗ, ತಡವೆಂದರೆ ಮಕ್ಕಳ ಯೋಚನೆ ಬಂದಾಗಲೇ ಹಾಳೆ ಹಿಡಿದು ವೈದ್ಯರ ಬಳಿ ಹೋಗಿ.